ಬೇವೂರಿನ ಬಿಸಿಲಿನ ವಹಿ

ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ತಾಯಿ, ಮಗಳು ಕೂತಿದ್ದರು. ಮೂವತ್ತು ವರ್ಷಗಳಿಂದ ಆ ತಾಯಿ ಬೇವೂರಿನಲ್ಲಿ ದಿನಾ ಬೆಳಿಗ್ಗೆ ಉಷ್ಣಮಾಪಕ ನೋಡಿ ವಹಿಯಲ್ಲಿ ಬರೆದಿಡುತ್ತಾರೆಂದು ಅವರ ಮಾತಿನಿಂದ ತಿಳಿಯಿತು. ಆ ವಹಿಗಳನ್ನು ಇದೇ ಊರಿನ ವಿದ್ಯಾಗಿರಿ ಕಾಲೇಜಿಗೆ ಬಂದಿದ್ದ ವಿಜ್ಞಾನಿಯೊಬ್ಬರಿಗೆ ತೋರಿಸಿ ತಾಯಿ ಆಗಷ್ಟೇ ಬಂದಿದ್ದರು; ಮಗಳು ನಿಲ್ದಾಣದಲ್ಲೇ ಕಾದಿದ್ದಳು.

"ಸಾಹೇಬ್ರು ಏನಂದ್ರವ್ವಾ?" ಮಗಳು ಕೇಳಿದಳು.

"ಭೂಮಿ ಎಷ್ಟು ಕಾದೈತಿ ಅಂತ ತಿಳಿಯಾಕ ಜಗತ್ತಿನ ಸಾವಿರಾರು ಊರಿನ ಲೆಕ್ಕಾ ಕೂಡಿಸಿ, ಹಿಂದಿನ ವರ್ಷಗೋಳ ಲೆಕ್ಕದ ಜೋಡಿ ಹಚ್ಚಿ ನೋಡ್ತಾರಂತ. ಇನ್ನ ಅದರಾಗ ನಮ್ಮ ಬೇವೂರೂ ಸೇರತೈತಿ, ಶೈಲಾ!"

"ಖರೇನ? ಅಕ್ಕನ ಮದವಿ ದಿನಾನೂ ಬರದಿಟ್ಟಿದ್ದಿಯೇನು?"

"ಮದುಮಕ್ಕಳ ಮ್ಯಾಲೆ ಅಕ್ಕಿಕಾಳು ಹಾಕೂಕಿಂತ ಮೊದ್ಲ ಹೊಸಾ ಸೀರಿ ಉಟಗೊಂಡೇ ಹೋಗಿ ನೋಡಿ ಬಂದಿದ್ನಿ."

ಮಗಳು ಗೊಳ್ಳನೆ ನಕ್ಕಳು.

"ಒಂದ ದಿನಾನೂ ತಪ್ಪಿಲ್ಲ?"

"ಒಂದ ದಿನ ತಪ್ಪೇತಿ. ಅಲ್ಲಿ ಖಾಲಿ ಬಿಟ್ಟೇನಿ. ಅದನ್ನ ನೋಡಿ ಸಾಹೇಬ್ರು ಭಾಳ ಖುಷಿ ಆದ್ರು."

"ತಪ್ಪಿದ್ದಕ್ಕ ಖುಷಿನ?"

"ಅಂದಾಜಿಲೆ ಏನರ ಬರದು ತುಂಬಿಲ್ಲಲ್ಲ, ಅದಕ್ಕ ಉಳದದ್ದೆಲ್ಲಾ ನಂಬತೇನಿ ಅಂದ್ರು."

"ಯಾವ ದಿನಾ ಅದು?"

ತಾಯಿ ಮಗಳ ಗಲ್ಲ ಹಿಡಿದರು.

"ನೀ ಹುಟ್ಟಿದ ದಿನಾ."

ಅಷ್ಟರಲ್ಲಿ ಬೇವೂರು ಬಸ್ಸು ಬಂತು. ಮಗಳು ವಹಿಗಳ ಚೀಲವನ್ನು ಎದೆಗವಚಿಕೊಂಡು ಓಡಿ ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ ನಗುತ್ತ ಕೂಗಿದಳು: "ಲಗೂನ ಬಾರವ್ವಾ, ಜಾಗಾ ಹಿಡದೇನಿ!"