ಊಟಕ್ಕೆ ಬಂದವನ ಕಾರು

ಸಾಸ್ಕಾಚೆವಾನ್‌ನ ಆ ಪುಟ್ಟ ಊರಿನ ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ, ನಿದ್ದೆಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ಲೆಸ್ಯಾ ನಿಂತಿದ್ದಳು. ಅವಳ ಮುಂದಿದ್ದ, ಅದೇ ಊರಿನ ಒರೆಸ್ಟನ ಕೈಯಲ್ಲಿ ಉದ್ದನೆಯ ಕರೆಂಟ್ ವೈರಿನ ಸುರುಳಿಯಿತ್ತು. ಜೊತೆಗಿದ್ದ ಬೊಗ್ದಾನ್ ಕೇಳಿದ:

"ನಿನ್ನ ಟ್ರಕ್ಕಿನ ಎಂಜಿನ್ ಹೀಟರ್‌ಗೆ ವೈರಿತ್ತಲ್ಲೋ?"

"ಇದು ಆ ಹುಡುಗನ ಕಾರಿಗೆ ಮಾರಾಯ. ನನ್ನ ಮಗಳು ದಾರಿಯಾನ ಹಿಂದೆ ಬಿದ್ದಿದಾನಲ್ಲ, ಅವನು. ಭಾನುವಾರ ಊಟಕ್ಕೆ ಬಂದ. ಬಂದವನೇ ಎಂಜಿನ್ ಬಿಸಿಗಿರಲಿ ಅಂತ ನಮ್ಮನೆ ಗೋಡೆಗೆ ಪ್ಲಗ್ ಹಾಕ್ದ."

"ಅಂದ್ರೆ ರಾತ್ರಿ ಉಳಿಯೋಕೇ ಬಂದಿದಾನೆ ಅಂತಾಯ್ತು!"

"ಅದಕ್ಕೇ, ಬೇಗ ಹೊರಡಲಿ ಅಂತ ನಾನು ಸದ್ದಿಲ್ದೆ ಪ್ಲಗ್ ಕಿತ್ತೆ."

"ಹೊರಟನಾ?"

"ಎಲ್ಲಿಗೆ ಹೊರಡ್ತಾನೆ? ಚಳಿಗೆ ಎಂಜಿನ್ ಕಲ್ಲಾಗೋಯ್ತು. ಮಾರನೇ ಬೆಳಿಗ್ಗೆ ಹಿಮ ತೆಗೆಯೋ ಯಂತ್ರಕ್ಕೆ ಅವನ ವೈರೂ ಸಿಕ್ಕಿ ಚೂರುಚೂರು. ಇವತ್ತು ಗುರುವಾರ. ನನ್ನ ಕುರ್ಚಿಲಿ ಕೂತು ಪೆರೋಗಿ ಕಡುಬು ತಿಂತಿದಾನೆ."

"ಹೋಗ್ಲಿ ಬಿಡು. ರಾತ್ರಿ ಹೀಟರ್ ಹಾಕು, ನಾಳೆ ತೊಲಗ್ತಾನೆ."

"ತೊಲಗ್ತಾನೆ. ಕಾರು ಹೊರಟ್ರೆ ಅವನ ಜೊತೆ ತಾನೂ ಹೋಗ್ತಾಳಂತೆ ದಾರಿಯಾ. ಪೆಟ್ಟಿಗೆ ಕಟ್ಟಿಟ್ಟಿದಾಳೆ."

ಲೆಸ್ಯಾ ಮಗಳ ಟೋಪಿಯನ್ನು ಕಿವಿಯ ಮೇಲೆ ಎಳೆದಳು. ಸಾಲು ಮುಂದೆ ಸರಿಯಿತು, ಒರೆಸ್ಟ್ ಸರಿಯಲಿಲ್ಲ.

"ಈ ಚಳಿ ಯಾವಾಗ ಬಿಡುತ್ತೋ?" ಒರೆಸ್ಟ್ ಕೇಳಿದ.

"ಏಪ್ರಿಲ್‌ಗೆ."

"ಏಪ್ರಿಲ್ ಆದ್ರೆ ಪರವಾಗಿಲ್ಲ. ಅಲ್ಲೀವರೆಗೂ ಕೂತು ತಿನ್ನಲಿ."

"ಮನೇಲಿ ಏನಂತೀಯ?"

"ಅಂಗಡೀಲಿ ವೈರು ಖಾಲಿ ಅಂತೀನಿ. ಕೇಳಿದ್ರೆ ನೀನೂ ಹಾಗೇ ಹೇಳು."

ಒರೆಸ್ಟ್ ಸುರುಳಿಯನ್ನು ವಾಪಸ್ ಇಟ್ಟ. ಸೂರಿನವರೆಗೂ ವೈರು ಪೇರಿಸಿದ್ದ ಕಪಾಟನ್ನು ದಾಟಿ ಇಬ್ಬರೂ ಬರಿಗೈಯಲ್ಲಿ ಹೊರನಡೆದರು.