ಒಣಗಿಸದ ಕಾಳು

ಪಿಷ್ಟದಿಂದ ಪ್ಲಾಸ್ಟಿಕ್ ತಯಾರಿಸುವ ಪ್ರಯೋಗಾಲಯವೊಂದರಲ್ಲಿ ಹಳೆಯ ಕೆಲಸಗಾರ್ತಿಯ ಕೈಯಿಂದ ಪ್ಲಾಸ್ಟಿಕ್ ಕರಗಿಸುವ ಯಂತ್ರವನ್ನು ಕಿತ್ತು ಹೊಸಬಳಿಗೆ ಕೊಟ್ಟರು. ಬಸ್ಸಿನ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದ ಆ ಹಳಬಳು ತನ್ನ ತಂಗಿಗೆ ಹೇಳುತ್ತಿದ್ದಳು.

“ಆ ಹೊಸಬಳು ಕರಗಿಸಿದ ಪ್ಲಾಸ್ಟಿಕ್ ನೀರಿನ ಹಾಗೆ ಹರೀತು. ಸಾಹೇಬ್ರು ‘ಭಲೇ ಮಗಳೇ’ ಅಂದ್ರು. ನನ್ನನ್ನ ಒಂದಿನಾನೂ ಹಾಗೆ ಕರೆದಿಲ್ಲ.”

“ಹೊಟ್ಟೆಕಿಚ್ಚಾ ಅಕ್ಕಾ?”

“ಧಗಧಗ ಉರೀತಿದೆ ಕಣೇ! ಆದ್ರೆ ಅವಳು ಪ್ಲಾಸ್ಟಿಕ್ ಕಾಳನ್ನ ಒಣಗಿಸಲೇ ಇಲ್ಲ. ಪಸೆ ಇದ್ರೆ ಕಾಯಿಸಿದಾಗ ಪ್ಲಾಸ್ಟಿಕ್ಕಿನ ಎಳೆ ಒಳಗೊಳಗೇ ಮುರಿಯುತ್ತೆ, ಅದಕ್ಕೇ ಅಷ್ಟು ಚೆನ್ನಾಗಿ ಹರಿಯುತ್ತೆ. ಅದರಲ್ಲಿ ಲೋಟ ಮಾಡಿದ್ರೆ ಹಿಡಿದ ಕೈಯಲ್ಲೇ ಚೂರು.”

“ಸಾಹೇಬ್ರಿಗೆ ಹೇಳಬೇಕಿತ್ತು.”

“ಹೇಳ್ದೆ. ‘ಹೊಟ್ಟೆಕಿಚ್ಚು ನಿನ್ನ ಬಾಯಲ್ಲಿ ಮಾತಾಡ್ತಿದೆ’ ಅಂದ್ರು.”

ಅಷ್ಟರಲ್ಲಿ ಫೋನ್ ಬಂತು. ಸಾಹೇಬರ ಗಟ್ಟಿ ದನಿ ನನಗೂ ಕೇಳಿಸಿತು: “ನಾಳೆ ಅದೇ ಕಾಳಲ್ಲಿ ನೀನೇ ಲೋಟ ಅಚ್ಚು ಹಾಕಿಕೊಡಮ್ಮ.”

“ನಿಮ್ಮ ಮಗಳಿಗೇ ಹೇಳಿ ಸಾರ್, ನಾನು ಹಾಕಲ್ಲ,” ಎಂದು ಅವಳು ಬಸ್ ಹತ್ತಿದಳು.