ಏಳನೇ ಕಾವಲಿನಲ್ಲಿ ಹಾರಿದ ಎರಡು ಗುಂಡುಗಳ ಕ್ರಮ

ನಾನು ಸೈಮಿ ಕಾರ್ಪ್ಪಿನೆನ್, ವಯಸ್ಸು 59 ವರ್ಷ, ಕಸುಬು ಶಾಲೆಯಲ್ಲಿ ಅಡುಗೆ, ವಾಸ ಫಿನ್ಲೆಂಡಿನ ಕಾಯ್ನು ಪ್ರಾಂತದ ಹೊಂಕವಾರಾ ಹಳ್ಳಿ, ಕೆರೆ ರಸ್ತೆ, ಮನೆ ಸಂಖ್ಯೆ 14. ಇಂದು ದಿನಾಂಕ 19-10-2019, ಶನಿವಾರ, ಮಧ್ಯಾಹ್ನ 3.20ಕ್ಕೆ, ಯಾರೂ ಕರೆಸದೆ ನಾನಾಗಿಯೇ ಕಾಯಾನಿ ಪೊಲೀಸ್ ಠಾಣೆಗೆ ಹಾಜರಾಗಿ ಈ ಮೂಲಕ ಬರೆಸುವುದೇನೆಂದರೆ:

ನಾನು 22 ವರ್ಷಗಳಿಂದ ನಮ್ಮ ಹಳ್ಳಿಯ ಮೂಸ್ ಬೇಟೆ ತಂಡದಲ್ಲಿದ್ದೇನೆ; ಮೂಸ್ ಎಂದರೆ ನಮ್ಮ ಕಾಡಿನ, ಕುದುರೆಯಷ್ಟು ಎತ್ತರದ ಜಿಂಕೆ. ತಂಡದಲ್ಲಿ 11 ಜನ, ಹೆಂಗಸು ನಾನೊಬ್ಬಳೇ. ತಂಡದ ಮುಖ್ಯಸ್ಥರು ರೇಯ್ನೊ ಹೆಯ್ಕುರಾ, ವಯಸ್ಸು 74. ಇಂದು ಬೆಳಿಗ್ಗೆ ನಾನು ಕರು ಜೊತೆಯಲ್ಲಿದ್ದ ಹೆಣ್ಣು ಮೂಸನ್ನು ಕೊಂದಿದ್ದೇನೆ. ಕಾನೂನಿನ ಪ್ರಕಾರ ಅದು ಕೂಡದು. ಕರು ಇದ್ದರೆ ಮೊದಲು ಕರುವನ್ನು ಹೊಡೆಯಬೇಕು, ಆಮೇಲೆ ತಾಯಿಯನ್ನು. ತಾಯಿ ಮೊದಲು ಹೋದರೆ ಕರು ಹಿಮದಲ್ಲಿ ಮೇವು ಕಾಣದೆ ಸಾಯುತ್ತದೆ, ಇಲ್ಲವೇ ತೋಳದ ಬಾಯಿಗೆ ಬೀಳುತ್ತದೆ. ಇದು ಹೇಗಾಯಿತೆಂದು ಹೇಳಲು ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನು, ಅಂದರೆ ಸ್ಕೋಪ್ ಕೊಂಡ ದಿನದಿಂದ ಶುರು ಮಾಡಬೇಕು. ಬರೆದುಕೊಳ್ಳುತ್ತಿರುವ ಅಧಿಕಾರಿ ಅದೆಲ್ಲ ಬೇಕೇ ಎಂದು ಕೇಳಿದರು. ಬೇಕು ಎಂದೆ.

ನನ್ನ ರೈಫಲ್ ಮೇಲೆ ಮೊದಲು ಇದ್ದದ್ದು ನನ್ನ ತಂದೆಯ ಕಾಲದ ಸ್ಕೋಪ್. ನಾಲ್ಕು ಪಟ್ಟು ಮಾತ್ರ ಹಿಗ್ಗಿಸುತ್ತಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೋದ ವರ್ಷ ಅದರ ಒಳಗೆ ನೀರಾವಿ ಸೇರಿ ಸಾರಿನ ಪಾತ್ರೆಯ ಮುಚ್ಚಳದಂತಾಯಿತು. ಹೊಸದು ಕೊಳ್ಳಲು 350 ಯೂರೋ ತೆಗೆದಿಟ್ಟೆ. ಅದಕ್ಕಿಂತ ಒಂದು ಕಾಸು ಹೆಚ್ಚಿಲ್ಲ ಎಂದು ತೀರ್ಮಾನಿಸಿದ್ದೆ.

ದಿನಾಂಕ 3-9-2019ರ ಸಂಜೆ 6 ಗಂಟೆಗೆ ರೇಯ್ನೊ ಅವರಿಗೆ ಫೋನ್ ಮಾಡಿ ಯಾವುದು ಕೊಳ್ಳಲಿ ಎಂದು ಕೇಳಿದೆ. ಅವರು, ಕಡಿಮೆ ಹಿಗ್ಗಿಸುವುದನ್ನೇ ತಗೋ, ನಮಗೆ ಅಗಲ ಕಾಣಬೇಕು, ದೂರ ಅಲ್ಲ ಎಂದರು. ಅವರ ಮಾತಿನಲ್ಲೇ ಹೇಳುವುದಾದರೆ, "ನಮ್ ಕಾಡಲ್ಲಿ ಎಂಬತ್ ಮೀಟರ್ ಆಚೆ ಮರ ಬಿಟ್ರೆ ಇನ್ನೇನಿದೆ? ನೀನೇನ್ ಚಂದ್ರನ್ನ ಹೊಡೀತೀಯಾ?" ನಾನು ನಕ್ಕೆ. ಆಯಿತು ಎಂದೆ.

ಮರುದಿನ 4-9-2019, ಬುಧವಾರ, ಶಾಲೆಯ ಊಟ ಮುಗಿಸಿ 2.30ಕ್ಕೆ ಪೇಟೆಯ ಬೇಟೆ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಎರಡು ಸ್ಕೋಪ್ ಮುಂದಿಟ್ಟ. ಎರಡಕ್ಕೂ ಬೆಲೆ 329 ಯೂರೋ. ಒಂದು ಒಂದೂವರೆಯಿಂದ ಆರು ಪಟ್ಟು ಹಿಗ್ಗಿಸುವುದು, ನೋಡಲು ಸಪ್ಪೆ. ಇನ್ನೊಂದು ನಾಲ್ಕರಿಂದ ಹದಿನಾರು ಪಟ್ಟು, ಮುಂದೆ ದೊಡ್ಡ ಗಾಜು, ಒಳಗೆ ಕೆಂಪು ದೀಪದ ಚುಕ್ಕೆ, ಮೇಲೆ ಪಕ್ಕದಲ್ಲೆಲ್ಲ ತಿರುಪು. ಅಂಗಡಿಯವನು ಕಾಡಿಗೆ ಸಣ್ಣದೇ ಸರಿ ಎಂದ. ಮೂರು ಸಲ ಹೇಳಿದ. ಒಂದೇ ಬೆಲೆಗೆ ಹೊಳಪೆಲ್ಲ ಸೇರಿಸಿ ಕೊಡುವವರು ಗಾಜಿನ ಗುಣಮಟ್ಟದಲ್ಲಿ ಹಣ ಉಳಿಸಿರುತ್ತಾರೆ, ಕತ್ತಲು ಕವಿಯುವಾಗ ದೊಡ್ಡದು ಮಂಕಾಗುತ್ತದೆ ಎಂದೂ ಹೇಳಿದ. ಅಂಗಡಿಯ ತಪ್ಪೇನೂ ಇಲ್ಲ ಎಂದು ದಯವಿಟ್ಟು ಬರೆದುಕೊಳ್ಳಿ.

ನಾನು 31 ವರ್ಷ ಮಕ್ಕಳಿಗೆ ಅಡುಗೆ ಮಾಡಿದವಳು. ಒಂದೇ ಬೆಲೆಗೆ ಆರು ಕಿಲೋ ಮತ್ತು ಹದಿನಾರು ಕಿಲೋ ಇಟ್ಟರೆ ಯಾವುದನ್ನು ಎತ್ತಿಕೊಳ್ಳುವುದು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡೆ. ದೊಡ್ಡದನ್ನು ಕಣ್ಣಿಗಿಟ್ಟು ಅಂಗಡಿಯ ಕಿಟಕಿಯಿಂದ ಆಚೆ ನೋಡಿದೆ. ರಸ್ತೆಯಾಚೆ, ಸುಮಾರು 140 ಮೀಟರ್ ದೂರದ ಬಸ್ ನಿಲ್ದಾಣದ ವೇಳಾಪಟ್ಟಿಯ ದಪ್ಪ ಅಕ್ಷರ ಓದಲು ಬಂತು. ಕನ್ನಡಕ ಹಾಕಿಕೊಂಡರೂ ಮೂವತ್ತು ಹೆಜ್ಜೆಯಾಚೆಯ ಬೋರ್ಡು ಓದಲಾಗದ ಕಣ್ಣು ನನ್ನದು. ಬಹಳ ಸಂತೋಷವಾಯಿತು. ಅದನ್ನೇ ಕೊಂಡೆ. ಸ್ಕೋಪಿನಲ್ಲೇ ದೂರದ್ದು ಕಾಣುವಾಗ ಇನ್ನೇಕೆ ಎಂದು ಕೈ ದುರ್ಬೀನು ಕೊಳ್ಳಲಿಲ್ಲ.

ದಿನಾಂಕ 14-9-2019ರಂದು ಗುರಿ ಅಭ್ಯಾಸದ ಮೈದಾನದಲ್ಲಿ 100 ಮೀಟರಿಗೆ ಮೂರು ಗುಂಡು ಹಾರಿಸಿದೆ. ಮೂರೂ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬಿದ್ದವು. ನನ್ನ ಪಕ್ಕದ ಮನೆಯ ಉಂಟಮೊ ತೆರ್ವೊನೆನ್, ವಯಸ್ಸು 55, ಲಾರಿ ಚಾಲಕ, ನಮ್ಮ ತಂಡದವನೇ, ಅವನೂ ಅಲ್ಲಿದ್ದ. ಅವನು ನನ್ನ ಸ್ಕೋಪ್ ನೋಡಿ, "ಇದೇನೇ ಸೈಮಿ, ಸ್ಕೋಪ್ ತಂದ್ಯೋ ಹಾಲಿನ ಕ್ಯಾನ್ ತಂದ್ಯೋ?" ಎಂದು ಎಲ್ಲರೆದುರು ಕೇಳಿದ. ಆಮೇಲೆ ಹಳಿಯ ಮೇಲೆ ಓಡುವ ಮೂಸ್ ಚಿತ್ರಕ್ಕೆ ಗುರಿಯಿಟ್ಟೆ. ಎರಡು ಸಲವೂ ಸ್ಕೋಪಿನೊಳಗೆ ಚಿತ್ರ ಸಿಗಲೇ ಇಲ್ಲ. ಹುಡುಕುವಷ್ಟರಲ್ಲಿ ಅದು ಆಚೆ ದಾಟಿತ್ತು. ವಯಸ್ಸಾಯಿತು, ಕೈ ನಿಧಾನವಾಯಿತು ಎಂದುಕೊಂಡೆ. ಸ್ಕೋಪನ್ನು ಅನುಮಾನಿಸಲಿಲ್ಲ. ನನ್ನ ಗುರಿ ಪರೀಕ್ಷೆಯ ಪತ್ರಕ್ಕೆ ಇನ್ನೂ ಒಂದು ವರ್ಷ ಅವಧಿಯಿತ್ತು, ಹಾಗಾಗಿ ಮತ್ತೆ ಹೋಗಲಿಲ್ಲ.

ಇಂದು ಬೆಳಿಗ್ಗೆ 7.30ಕ್ಕೆ ಬೇಟೆ ಗುಡಿಸಲಿನಲ್ಲಿ 11 ಜನರೂ ಸೇರಿದೆವು. ಕಾಫಿ ಮತ್ತು ನಾನು ತಂದಿದ್ದ ಏಲಕ್ಕಿ ಬನ್ನು ಆಯಿತು. ರೇಯ್ನೊ ನಕ್ಷೆ ಹಾಸಿ, ಈ ವರ್ಷದ ಪರವಾನಗಿಯಲ್ಲಿ ಉಳಿದಿರುವುದು ಒಂದು ದೊಡ್ಡದು, ಒಂದು ಕರು ಎಂದರು. ಪ್ರತಿ ಬೆಳಿಗ್ಗೆ ಹೇಳುವುದನ್ನೇ ಇಂದೂ ಹೇಳಿದರು: "ಕರು ಮೊದ್ಲು, ತಾಯಿ ಆಮೇಲೆ. ಕೊಂಬಿಲ್ಲದ್ದು ಒಂಟಿ ಬಂತು ಅಂದ್ಕೊಳ್ಳಿ, ರೈಫಲ್ ಕುದುರೆ ಎಳೆಯೋ ಮುಂಚೆ ಹತ್ತು ಎಣಿಸಿ." ಉಂಟಮೊ, "ಸೈಮಿ ಹಾಲಿನ ಕ್ಯಾನಲ್ಲಿ ನೋಡಿ ಕರು ಹಲ್ಲೂ ಎಣಿಸ್ತಾಳೆ ಬಿಡಿ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

8.20ಕ್ಕೆ ಏಳನೇ ಕಾವಲಿನಲ್ಲಿ, ಅಂದರೆ ಮೂಸ್ ಬರುವುದನ್ನು ಕಾದು ಕೂರುವ ಏಳನೇ ಜಾಗದಲ್ಲಿ, ಕುಳಿತೆ. ಜಾಗ ಜೌಗಿನ ಅಂಚು, ಬಲಕ್ಕೆ ಸೂಜಿಯೆಲೆಯ ಎಳೆಯ ಸ್ಪ್ರೂಸ್ ಗಿಡಗಳು, ಆಳೆತ್ತರ, ದಟ್ಟ. ಆರನೇ ಕಾವಲು ನನ್ನಿಂದ 180 ಮೀಟರ್, ಅಲ್ಲಿ ಉಂಟಮೊ. 8.50ಕ್ಕೆ ಜೌಗಿನಾಚೆ, 230 ಮೀಟರ್ ದೂರದಲ್ಲಿ, ಏನೋ ಕಪ್ಪಗೆ ಕಂಡಿತು. ಸ್ಕೋಪಿನ ಹಿಗ್ಗಿಸುವ ಬಳೆಯನ್ನು 16ಕ್ಕೆ ತಿರುಗಿಸಿ ನೋಡಿದೆ. ಮರದ ಬೊಡ್ಡೆ. ಬಳೆಯನ್ನು ಮತ್ತೆ 4ಕ್ಕೆ ತಿರುಗಿಸಲಿಲ್ಲ. ಮರೆತೆ. ತಂದೆಯ ಸ್ಕೋಪಿನಲ್ಲಿ ತಿರುಗಿಸಲು ಬಳೆಯೇ ಇರಲಿಲ್ಲ.

9.31ಕ್ಕೆ ರೇಯ್ನೊ ಅವರ ನಾಯಿ ರಿಪ್ಸು ಬೊಗಳುವುದು ಕೇಳಿಸಿತು. 9.42ಕ್ಕೆ ಸ್ಪ್ರೂಸ್ ಗಿಡಗಳ ಅಂಚಿನಲ್ಲಿ ದೊಡ್ಡ ಮೂಸ್ ಬಂದು ನಿಂತಿತು, ನಾಯಿ ಇದ್ದ ಕಡೆಗೆ ಕಿವಿ ಮಾಡಿತ್ತು. ಆಮೇಲೆ ಟೇಪು ಹಿಡಿದು ಅಳೆದಾಗ ದೂರ 64 ಮೀಟರ್. ರೈಫಲ್ ಎತ್ತಿದೆ. ಸ್ಕೋಪಿನ ತುಂಬ ಕಂದು ಕೂದಲು ಕಂಡಿತು, ಮತ್ತೇನೂ ಇಲ್ಲ. ಮೇಲಕ್ಕೆ ಸರಿಸಿ ತಲೆ ನೋಡಿದೆ, ಕೊಂಬಿರಲಿಲ್ಲ, ಹೆಣ್ಣು. ಮತ್ತೆ ಭುಜಕ್ಕೆ ಬಂದೆ. ಹತ್ತು ಎಣಿಸಿದೆ. ಎಣಿಸಿದ್ದು ನಿಜ. ಆದರೆ ಸ್ಕೋಪಿನಿಂದ ಕಣ್ಣು ತೆಗೆಯದೆ ಎಣಿಸಿದೆ. ಹತ್ತು ಎಣಿಸುವುದು ಸುತ್ತ ನೋಡಲಿಕ್ಕೆ ಎಂಬುದು 22 ವರ್ಷ ಗೊತ್ತಿದ್ದವಳು ಒಂದು ಮೀಟರ್ ಅಗಲದ ಕೂದಲನ್ನು ನೋಡುತ್ತ ಎಣಿಸಿದೆ. ಗುಂಡು ಹಾರಿಸಿದೆ. ಅದು 35 ಮೀಟರ್ ಓಡಿ ಜೌಗಿನಲ್ಲಿ ಬಿತ್ತು.

9.43ಕ್ಕೆ ವಾಕಿಟಾಕಿಯಲ್ಲಿ, ಏಳನೇ ಕಾವಲು, ಬಿತ್ತು ಎಂದೆ. ರೇಯ್ನೊ ಯಾವುದು ಎಂದು ಕೇಳಿದರು. ಉತ್ತರ ಕೊಡಲು ಗುಂಡಿ ಒತ್ತುವಷ್ಟರಲ್ಲಿ, ತಾಯಿ ನಿಂತಿದ್ದ ಜಾಗದಿಂದ ನಾಲ್ಕು ಮೀಟರ್ ಹಿಂದಿನ ಸ್ಪ್ರೂಸ್ ಗಿಡದೊಳಗಿಂದ ಕರು ಈಚೆ ಬಂತು. ಬರಿಗಣ್ಣಿಗೇ ಕಂಡಿತು. ಮೊದಲೂ ಬರಿಗಣ್ಣಲ್ಲಿ ನೋಡಿದ್ದರೆ ಕಾಣುತ್ತಿತ್ತು. ಅದು ತಾಯಿಯ ಜಾಡು ಮೂಸುತ್ತ ಹೋಗಿ, ಬಿದ್ದ ತಾಯಿಯ ಹೊಟ್ಟೆಯ ಹತ್ತಿರ ನಿಂತಿತು. ರೇಯ್ನೊ ಮತ್ತೆ ಕೇಳಿದರು. ವಾಕಿಟಾಕಿಯನ್ನು ಮಡಿಲಲ್ಲಿಟ್ಟು ಕರುವನ್ನೇ ನೋಡುತ್ತ ಕೂತೆ.

9.55ಕ್ಕೆ ಉಂಟಮೊ ನಡೆದು ಬಂದ. ಹನ್ನೆರಡು ನಿಮಿಷವಾಗಿದ್ದರೂ ಕರು ಅಲ್ಲೇ ಇತ್ತು, ಮೂತಿಯಿಂದ ತಾಯಿಯನ್ನು ಎರಡು ಸಲ ತಳ್ಳಿತು. ಉಂಟಮೊ ನೋಡಿದ, ಅರ್ಥವಾಯಿತು, ತಮಾಷೆ ಮಾಡಲಿಲ್ಲ. ನನ್ನ ಪಕ್ಕ ಮಂಡಿಯೂರಿ ಪಿಸುಮಾತಿನಲ್ಲಿ, "ನೀನಿನ್ನೂ ಯಾವ್ದು ಅಂತ ಹೇಳಿಲ್ಲ. ಹೇಳ್ಬೇಡ. ಕರುನ ಹೊಡಿ. ಮೊದ್ಲು ಬಿದ್ದಿದ್ದು ಕರು, ಆಮೇಲೆ ತಾಯಿ. ಎರಡಕ್ಕೂ ಪರವಾನಗಿ ಇದೆ, ಅಲ್ಲಿಗ್ ಮುಗೀತು" ಎಂದ. ನಾನು ಆಗುವುದಿಲ್ಲ ಎಂದೆ. ಅವನು, "ಹಂಗಾದ್ರೆ ಏನ್ ಮಾಡ್ತೀಯ? ಬಿಟ್ಬಿಡ್ತೀಯಾ? ಕ್ರಿಸ್ಮಸ್ಸಿಗೆ ಮುಂಚೆ ತೋಳ ತಿನ್ನುತ್ತೆ. ನಿನ್ ರೈಫಲ್ ಕಿತ್ಕೊಳ್ತಾರೆ ಸೈಮಿ. ಇನ್ನೆಲ್ಲಿ ಹೋಗಿ ಕೂರ್ತೀಯ ನೀನು?" ಎಂದ. ನನಗೆ ಕೂರಲು ಬೇರೆ ಜಾಗವಿಲ್ಲ ಎಂಬುದು ಅವನಿಗೆ ಗೊತ್ತು. ನನ್ನ ಗಂಡ ತೀರಿಹೋಗಿ ಒಂಬತ್ತು ವರ್ಷ. ವರ್ಷದಲ್ಲಿ ನಾನು ಯಾರಿಗಾದರೂ ಬೇಕಾಗುವುದು, ಯಾರಾದರೂ ನನಗಾಗಿ ಕಾಯುವುದು, ಆ ಗುಡಿಸಲಿನಲ್ಲಿ ಮಾತ್ರ.

ತೊಂದರೆ ಏನೆಂದರೆ ಉಂಟಮೊ ಹೇಳಿದ್ದರಲ್ಲಿ ಅರ್ಧ ಸರಿಯಾಗಿತ್ತು. ಕರುವನ್ನು ಹಾಗೆ ಬಿಡುವುದು ಪಾಪ. ಅದನ್ನು ಹೊಡೆಯಲೇಬೇಕಿತ್ತು. ಅದನ್ನು ಹೊಡೆದ ಗುಂಡೇ ನನ್ನ ತಪ್ಪನ್ನೂ ಒರೆಸಿಬಿಡುತ್ತಿತ್ತು. ಏಳು ನಿಮಿಷ ಇದನ್ನೇ ಯೋಚಿಸಿದೆ.

10.02ಕ್ಕೆ ರೈಫಲ್ ಎತ್ತಿದೆ. ಸ್ಕೋಪಿನಲ್ಲಿ ಮತ್ತೆ ಬರೀ ಕೂದಲು. ಆಗ ಬಳೆಯನ್ನು 4ಕ್ಕೆ ತಿರುಗಿಸಿದೆ. 10.03ಕ್ಕೆ ಹಾರಿಸಿದೆ. ಕರು ನಿಂತಲ್ಲೇ, ತಾಯಿಯಿಂದ ಒಂದೂವರೆ ಮೀಟರ್ ದೂರದಲ್ಲಿ ಬಿತ್ತು. ಒದ್ದಾಡಲಿಲ್ಲ. ಉಂಟಮೊ ನನ್ನ ವಾಕಿಟಾಕಿ ತೆಗೆದುಕೊಂಡು, ಕರು ಮತ್ತು ತಾಯಿ, ಎರಡೂ ಬಿದ್ದಿವೆ, ಎಲ್ಲ ಸರಿಯಾಗಿದೆ ಎಂದು ಹೇಳಿದ.

10.50ಕ್ಕೆ ಎಲ್ಲರೂ ಬಂದರು. ರೇಯ್ನೊ ಟೋಪಿ ತೆಗೆದು, ಸ್ಪ್ರೂಸ್ ಚಿಗುರು ಎರಡು ಮುರಿದು, ಒಂದನ್ನು ತಾಯಿಯ ಬಾಯಿಗೆ, ಒಂದನ್ನು ಕರುವಿನ ಬಾಯಿಗೆ ಇಟ್ಟರು. ಹಾಗೆ ಕೊನೆಯ ತುತ್ತು ಇಡುವುದು ನಮ್ಮ ತಂಡದ ಪದ್ಧತಿ. ಇಟ್ಟು, ಕೈಗವಸು ಕಳಚಿ, ಎರಡರ ಗಾಯದ ರಕ್ತವನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. ತಾಯಿಯದು ಹೆಪ್ಪುಗಟ್ಟಿತ್ತು, ಕರುವಿನದು ಇನ್ನೂ ಅಷ್ಟಾಗಿ ಇಲ್ಲ. 58 ವರ್ಷ ಬೇಟೆಯಾಡಿದವರಿಗೆ ಯಾವುದು ಮೊದಲು ಬಿತ್ತೆಂದು ತಿಳಿಯಲು ಅಷ್ಟು ಸಾಕು. ಜೇಬಿನಿಂದ ತಂಡದ ಪುಸ್ತಕ ಮತ್ತು ಪೆನ್ಸಿಲ್ ತೆಗೆದರು. ಏನ್ ಬರೀಲಿ ಎಂದು ಕೇಳಿದರು. ಉಂಟಮೊ, ಕರು 9.42, ತಾಯಿ 10.03 ಎಂದ. ರೇಯ್ನೊ ಪೆನ್ಸಿಲ್ ಹಿಡಿದುಕೊಂಡೇ ನನ್ನನ್ನು ನೋಡಿದರು. ಅಲ್ಲಿದ್ದವರೆಲ್ಲ ನಾನು ಸುಮ್ಮನಿರಲಿ ಎಂದು ಬಯಸುತ್ತಿದ್ದರು, ಅದು ನನ್ನ ಮೇಲಿನ ಪ್ರೀತಿಯಿಂದ. ಅದಕ್ಕೇ ಬಾಯಿ ತೆರೆಯುವುದು ಕಷ್ಟವಾಯಿತು.

ತಿರುಗಿಸಿ ಬರೆಯಿರಿ, ತಾಯಿ 9.42, ಕರು 10.03 ಎಂದು ಹೇಳಿದೆ.

ಉಂಟಮೊ ಸಿಟ್ಟಾದ. ಕಾನೂನು ಮೀರಿ ಕೊಂದದ್ದರ ಮಾಂಸ ಸರ್ಕಾರಕ್ಕೆ ಹೋಗುತ್ತದೆ, ತಂಡಕ್ಕಲ್ಲ. ಪ್ರತಿ ನವೆಂಬರಿನಲ್ಲಿ, ಬೇಟೆಯಾಡಲು ತಮ್ಮ ಜಮೀನು ಬಿಟ್ಟುಕೊಟ್ಟವರಿಗೆಲ್ಲ ನಾವು ಮೂಸ್ ಸಾರಿನ ಊಟ ಹಾಕುತ್ತೇವೆ, ಅಡುಗೆ ನನ್ನದೇ. "ಇನ್ನೂರು ಜನ ಬರ್ತಾರಲ್ಲೇ ತಾಯೀ, ಏನ್ ಬಡಿಸ್ತೀಯ? ಬರೀ ಆಲೂಗಡ್ಡೆನಾ?" ಎಂದು ಕೂಗಿದ. ಹೌದು, ಆಲೂಗಡ್ಡೆ, ಕೇಳಿದವರಿಗೆ ಯಾಕೆಂದೂ ನಾನೇ ಹೇಳುತ್ತೇನೆ ಎಂದೆ. ಕರುವನ್ನು ಹೊಡೆದದ್ದು ಕರುವಿಗಾಗಿ, ಅದನ್ನು ನನ್ನ ತಪ್ಪು ಒರೆಸುವ ಬಟ್ಟೆ ಮಾಡಿಕೊಳ್ಳಲಾರೆ ಎಂದೂ ಹೇಳಿದೆ. ಅವನು ಆಚೆ ತಿರುಗಿ ನಿಂತ. ಆಮೇಲೆ ಅವನೇ ಟೇಪಿನ ಇನ್ನೊಂದು ತುದಿ ಹಿಡಿದು ದೂರ ಅಳೆಯಲು ಬಂದ.

ರೇಯ್ನೊ ನಾನು ಹೇಳಿದಂತೆ ಬರೆದು ಪುಸ್ತಕ ಮುಚ್ಚಿದರು. ಒಬ್ಬಳೇ ಹೋಗಬೇಡ, ಕಾರು ನಾನು ಓಡಿಸುತ್ತೇನೆ ಎಂದರು. ಹಳ್ಳಿಯಿಂದ ಠಾಣೆಗೆ 46 ಕಿಲೋಮೀಟರ್. ದಾರಿಯುದ್ದಕ್ಕೂ ಅವರು ಚಂದ್ರನ ಮಾತೆತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ.

ರೈಫಲ್, ಸ್ಕೋಪ್ ಮತ್ತು ಉಳಿದ ಮೂರು ಗುಂಡುಗಳನ್ನು ಠಾಣೆಗೆ ಒಪ್ಪಿಸಿದ್ದೇನೆ. ಅಧಿಕಾರಿ ಸ್ಕೋಪ್ ಪರೀಕ್ಷಿಸಿ, ಬಳೆ 4ರಲ್ಲಿದೆ ಎಂದು ಬರೆದುಕೊಂಡರು. 4ರಲ್ಲಿ ನೋಡಿದರೆ 64 ಮೀಟರಿಗೆ ತಾಯಿ ಕರು ಎರಡೂ ಕಾಣಬೇಕಲ್ಲವೇ, ಗಿಡದ ಮರೆಯಿತ್ತು ಎಂದು ಬರೆಯೋಣವೇ ಎಂದು ನನ್ನ ಒಳ್ಳೆಯದಕ್ಕೇ ಕೇಳಿದರು. ಬೇಡ. ಮೊದಲ ಗುಂಡಿನ ಹೊತ್ತಿಗೆ ಬಳೆ 16ರಲ್ಲಿತ್ತು. ಎರಡನೆಯದಕ್ಕೆ ಮುಂಚೆ ನಾನೇ 4ಕ್ಕೆ ತಿರುಗಿಸಿದ್ದು. ತಾಯಿ ಕರು ಎರಡೂ ಒಟ್ಟಿಗೆ ಆ ಗಾಜಿನಲ್ಲಿ ನನಗೆ ಕಂಡದ್ದು ಆಗಲೇ, ಒಂದು ಮಲಗಿತ್ತು, ಒಂದು ನಿಂತಿತ್ತು.

ಮೇಲೆ ಬರೆಸಿದ್ದನ್ನು ಅಧಿಕಾರಿ ನನಗೆ ಓದಿ ಹೇಳಿದ್ದಾರೆ. ನಡೆದದ್ದು ಇಷ್ಟೇ, ನಡೆದದ್ದು ಇದೇ ಕ್ರಮದಲ್ಲಿ. ಮೊದಲು ತಾಯಿ, ಆಮೇಲೆ ಕರು. ಯಾರ ಒತ್ತಾಯವೂ ಇಲ್ಲದೆ ರುಜು ಹಾಕಿದ್ದೇನೆ.

ಸ್ಥಳ: ಕಾಯಾನಿ
ದಿನಾಂಕ: 19-10-2019, ಸಂಜೆ 5.05
(ಸಹಿ) ಸೈಮಿ ಕಾರ್ಪ್ಪಿನೆನ್